ರಣಹದ್ದುಗಳ ಅಳಿವು ಮತ್ತು ದನಗಳ ನೋವಿನ ಔಷಧಿ

ರೈತನ ಮನೆಯಲ್ಲಿ ದನ ಸತ್ತರೆ ಅದನ್ನು ಊರ ಹೊರಗಿನ ಹಾಳುಭೂಮಿಗೆ ಎಳೆಸಿ ಹಾಕುವುದು ಹಿಂದಿನಿಂದ ನಡೆದುಬಂದ ರೂಢಿ. ಚರ್ಮ ಸುಲಿದುಕೊಂಡವರು ಅತ್ತ ಹೋಗುತ್ತಿದ್ದಂತೆಯೇ ಆಕಾಶದಲ್ಲಿ ಒಂದೆರಡು ಚುಕ್ಕೆಗಳು ಕಾಣಿಸಿಕೊಳ್ಳುತ್ತಿದ್ದವು. ನೋಡನೋಡುತ್ತಿರುವಂತೆ ಅವು ಹತ್ತಾಗಿ, ಇಪ್ಪತ್ತಾಗಿ, ಅಗಲವಾದ ರೆಕ್ಕೆಗಳನ್ನು ಹರಡಿ ಸುತ್ತುತ್ತ ಕೆಳಗಿಳಿಯುತ್ತಿದ್ದವು. ಹೊತ್ತು ಮುಳುಗುವುದರೊಳಗೆ ಅಲ್ಲಿ ಬಿಳಿಯ ಮೂಳೆಗಳ ಹಂದರವೊಂದೇ ಉಳಿಯುತ್ತಿತ್ತು. ದುರ್ವಾಸನೆಯಾಗಲಿ, ನೊಣಗಳ ಹಾವಳಿಯಾಗಲಿ ಊರಿಗೆ ಮುಟ್ಟುತ್ತಿರಲಿಲ್ಲ.

ಈಗ ಐವತ್ತು ವರ್ಷ ದಾಟಿದ ರೈತರಿಗೆ ಈ ನೋಟ ಚೆನ್ನಾಗಿ ನೆನಪಿದೆ. ಅವರ ಮಕ್ಕಳಲ್ಲಿ ಹೆಚ್ಚಿನವರು ಇದನ್ನು ಕಂಡೇ ಇಲ್ಲ. ಒಂದೇ ತಲೆಮಾರಿನಲ್ಲಿ, ಯಾರೂ ಬೇಟೆಯಾಡದೆ, ಯಾರೂ ಬೇಕೆಂದು ಕೊಲ್ಲದೆ, ಕೋಟಿಗಟ್ಟಲೆ ಹಕ್ಕಿಗಳು ಭಾರತದ ಆಕಾಶದಿಂದ ಮರೆಯಾದವು. ಅವುಗಳ ಸಾವಿಗೆ ಕಾರಣವಾದ ವಸ್ತು ಕಾಡಿನಿಂದ ಬಂದುದಲ್ಲ. ಅದು ದನದ ಕೊಟ್ಟಿಗೆಯಿಂದ ಹೋದುದು. ಆದುದರಿಂದ ಇದರ ಪರಿಹಾರವೂ ಬಹುಮಟ್ಟಿಗೆ ಕೊಟ್ಟಿಗೆಯಲ್ಲಿಯೇ ಇದೆ.

ರಣಹದ್ದು ಎಂಥ ಹಕ್ಕಿ?

ಊರ ಮೇಲೆ ಹಾರಾಡಿ ಕೋಳಿಮರಿಗಳನ್ನು ಎತ್ತಿಕೊಂಡು ಹೋಗುವ ಹದ್ದು ಬೇರೆ, ರಣಹದ್ದು ಬೇರೆ. ರಣಹದ್ದು ಜೀವಂತ ಕುರಿಮರಿಯನ್ನಾಗಲಿ ಕೋಳಿಯನ್ನಾಗಲಿ ಹಿಡಿಯುವ ಹಕ್ಕಿಯಲ್ಲ. ಬೇಟೆಯಾಡಿ ಹಿಡಿದೊಯ್ಯಲು ಬೇಕಾದ ಬಲವಾದ ಉಗುರುಗಳು ಅದಕ್ಕಿಲ್ಲ. ಸತ್ತ ಪ್ರಾಣಿಯ ಮಾಂಸವೇ ಅದರ ಆಹಾರ. ಕಳೇಬರದ ಒಳಗೆ ತಲೆಯಿಟ್ಟು ತಿನ್ನಬೇಕಾದುದರಿಂದ ಅದರ ತಲೆ ಮತ್ತು ಕತ್ತಿನ ಮೇಲೆ ಗರಿಗಳು ಬಹಳ ಕಡಿಮೆ. ಅದರ ಜಠರದ ಆಮ್ಲ ಎಷ್ಟು ತೀಕ್ಷ್ಣವೆಂದರೆ ಕೊಳೆತ ಮಾಂಸದಲ್ಲಿರುವ ಅನೇಕ ರೋಗಾಣುಗಳು ಅಲ್ಲಿಯೇ ನಾಶವಾಗುತ್ತವೆ.

ಭಾರತದಲ್ಲಿ 9 ಜಾತಿಯ ರಣಹದ್ದುಗಳಿವೆ. ಇವುಗಳಲ್ಲಿ ನಾಲ್ಕನ್ನು ಕರ್ನಾಟಕದ ರೈತರು ತಿಳಿದಿರಬೇಕು. ಉದ್ದ ಕೊಕ್ಕಿನ ರಣಹದ್ದು ಕಡಿದಾದ ಬಂಡೆಗಳ ಸಂದಿಯಲ್ಲಿ ಗೂಡು ಮಾಡುತ್ತದೆ. ಬಿಳಿ ಬೆನ್ನಿನ ರಣಹದ್ದು ಎತ್ತರದ ಮರಗಳ ಮೇಲೆ ಗೂಡು ಕಟ್ಟುತ್ತದೆ. ಕೆಂಪು ತಲೆಯ ರಣಹದ್ದು ಒಂಟಿಯಾಗಿ ಇಲ್ಲವೆ ಜೋಡಿಯಾಗಿ ಕಾಣಸಿಗುತ್ತದೆ. ನಾಲ್ಕನೆಯದು ಗಾತ್ರದಲ್ಲಿ ಚಿಕ್ಕದಾದ, ಮಾಸಲು ಬಿಳಿ ಬಣ್ಣದ, ಹಳದಿ ಮುಖದ ಬಿಳಿ ರಣಹದ್ದು.

ಈ ಹಕ್ಕಿಗಳ ಸಂತಾನವೃದ್ಧಿ ಬಹಳ ನಿಧಾನ. ಉದ್ದ ಕೊಕ್ಕಿನ ಮತ್ತು ಬಿಳಿ ಬೆನ್ನಿನ ರಣಹದ್ದುಗಳು ಮೊಟ್ಟೆಯಿಡಲು ಸುಮಾರು ಐದು ವರ್ಷ ವಯಸ್ಸಾಗಬೇಕು. ಆಮೇಲೂ ಒಂದು ಜೋಡಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಸುಮಾರು ಐವತ್ತು ದಿನ ಕಾವು ಕೊಟ್ಟು, ಮೂರು ನಾಲ್ಕು ತಿಂಗಳು ಸಾಕಿದ ಮೇಲೆಯೇ ಮರಿ ಗೂಡು ಬಿಡುವುದು. ಎಲ್ಲ ಮರಿಗಳೂ ಬದುಕುವುದಿಲ್ಲ. ಹೀಗೆ ನಿಧಾನವಾಗಿ ಹೆಚ್ಚುವ ಹಕ್ಕಿಗಳಲ್ಲಿ ಬೆಳೆದ ಹಕ್ಕಿಗಳು ಸಾಯತೊಡಗಿದರೆ ಆ ನಷ್ಟ ತುಂಬಲು ಹಲವು ದಶಕಗಳು ಬೇಕಾಗುತ್ತವೆ.

ಸಂಖ್ಯೆ ಕುಸಿದ ಬಗೆ

1980ರ ದಶಕದವರೆಗೆ ಬಿಳಿ ಬೆನ್ನಿನ ರಣಹದ್ದು ಪ್ರಪಂಚದಲ್ಲಿಯೇ ಅತಿ ಹೆಚ್ಚು ಸಂಖ್ಯೆಯಲ್ಲಿದ್ದ ದೊಡ್ಡ ಬೇಟೆಹಕ್ಕಿ ವರ್ಗದ ಪಕ್ಷಿಗಳಲ್ಲಿ ಒಂದೆಂದು ಹೆಸರಾಗಿತ್ತು. 1990ರ ದಶಕದಲ್ಲಿ ರಾಜಸ್ಥಾನದ ಭರತಪುರದ ಪಕ್ಷಿಧಾಮದಲ್ಲಿ ಗೂಡುಗಳು ಬರಿದಾಗುತ್ತಿರುವುದನ್ನು ಮುಂಬಯಿಯ ನಿಸರ್ಗ ಇತಿಹಾಸ ಸಂಸ್ಥೆಯ ವಿಜ್ಞಾನಿ ಡಾ. ವಿಭು ಪ್ರಕಾಶ್ ಗಮನಿಸಿದರು. ಹಕ್ಕಿಗಳು ಮರದ ಮೇಲೆ ಕತ್ತು ಜೋಲಿಸಿ ಕೂತು, ಕೆಲವು ದಿನಗಳಲ್ಲಿ ಕೆಳಗೆ ಬಿದ್ದು ಸಾಯುತ್ತಿದ್ದವು.

ಬಳಿಕ ದೇಶದ ಹೆದ್ದಾರಿಗಳ ಉದ್ದಕ್ಕೂ ಎಣಿಕೆ ನಡೆಸಲಾಯಿತು. 1992ರಲ್ಲಿ 1000 ಬಿಳಿ ಬೆನ್ನಿನ ರಣಹದ್ದುಗಳಿದ್ದ ಕಡೆ 2007ರ ವೇಳೆಗೆ ಉಳಿದದ್ದು ಒಂದು ಎಂಬ ಲೆಕ್ಕ ಸಿಕ್ಕಿತು. ಉದ್ದ ಕೊಕ್ಕಿನ ರಣಹದ್ದು ಮತ್ತು ಅದರ ಹತ್ತಿರದ ಸಂಬಂಧಿಯಾದ, ಉತ್ತರ ಭಾರತದ ತೆಳು ಕೊಕ್ಕಿನ ರಣಹದ್ದುಗಳಲ್ಲಿ 100ಕ್ಕೆ 3 ಮಾತ್ರ ಉಳಿದವು. 2000ದಲ್ಲಿ ಅಂತರರಾಷ್ಟ್ರೀಯ ಸಂರಕ್ಷಣಾ ಒಕ್ಕೂಟವು ಈ ಹಕ್ಕಿಗಳನ್ನು ತೀವ್ರ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಿತು. 2007ರಲ್ಲಿ ಕೆಂಪು ತಲೆಯ ರಣಹದ್ದೂ ಅದೇ ಪಟ್ಟಿಗೆ ಸೇರಿತು. ಕಾಡಿನ ಪ್ರಾಣಿಗಳ ಇತಿಹಾಸದಲ್ಲಿ ಇಷ್ಟು ವೇಗದ ಕುಸಿತ ಬಹಳ ಅಪರೂಪ.

ಕಾರಣ ಹುಡುಕಿದ ಬಗೆ

ಮೊದಲಿಗೆ ಹಲವು ಸಂಶಯಗಳು ಹುಟ್ಟಿದವು. ಆಹಾರ ಸಾಲದೆ ಸಾಯುತ್ತಿವೆಯೆಂದು ಕೆಲವರು ಎಣಿಸಿದರು. ಆದರೆ ಸತ್ತು ಬಿದ್ದ ಹಕ್ಕಿಗಳಲ್ಲಿ ಹೆಚ್ಚಿನವು ಮೈತುಂಬಿಕೊಂಡೇ ಇದ್ದವು, ಹಸಿವಿನಿಂದ ಬಡಕಲಾಗಿರಲಿಲ್ಲ. ಹೊಲಗಳಲ್ಲಿ ಬಳಸುವ ಕೀಟನಾಶಕಗಳ ಮೇಲೆ ಸಂಶಯ ಬಂತು. ಪರೀಕ್ಷೆಯಲ್ಲಿ ಅದಕ್ಕೆ ತಕ್ಕ ಆಧಾರ ದೊರೆಯಲಿಲ್ಲ. ಹೊಸ ಸಾಂಕ್ರಾಮಿಕ ರೋಗವಿರಬಹುದೆಂದು ಹುಡುಕಿದರೂ ರೋಗಾಣು ಸಿಗಲಿಲ್ಲ.

ಸತ್ತ ಹಕ್ಕಿಗಳನ್ನು ಕೊಯ್ದು ನೋಡಿದಾಗ ಬಹುಪಾಲು ಹಕ್ಕಿಗಳಲ್ಲಿ ಒಂದೇ ಲಕ್ಷಣ ಕಂಡಿತು. ಮೂತ್ರಪಿಂಡ, ಯಕೃತ್ತು ಮತ್ತು ಹೃದಯದ ಮೇಲೆ ಸುಣ್ಣದ ಪುಡಿ ಎರಚಿದಂತೆ ಬಿಳಿಯ ಪದಾರ್ಥ ಕೂತಿತ್ತು. ಇದು ಯೂರಿಕ್ ಆಮ್ಲ. ಮೂತ್ರಪಿಂಡ ಕೆಟ್ಟು, ಹೊರಹೋಗಬೇಕಾದ ಕಲ್ಮಶ ದೇಹದಲ್ಲಿಯೇ ಉಳಿದಾಗ ಹೀಗಾಗುತ್ತದೆ.

ಅಮೆರಿಕದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಅವರ ಸಂಗಡಿಗರು ಪಾಕಿಸ್ತಾನದಲ್ಲಿ ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಹಕ್ಕಿಯ ಆಹಾರವೆಂದರೆ ಸತ್ತ ದನ. ಹೀಗಿರುವಲ್ಲಿ ದನಕ್ಕೆ ಕೊಡುವ ಔಷಧಿಗಳಲ್ಲಿ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದ್ದು ಯಾವುದು ಎಂದು ಅವರು ವಿಚಾರಿಸಿದರು. ಆ ವಿಚಾರಣೆ ಡೈಕ್ಲೋಫೆನಾಕ್ ಎಂಬ ನೋವು ನಿವಾರಕ ಔಷಧಿಯತ್ತ ಬೊಟ್ಟು ಮಾಡಿತು. ಮೂತ್ರಪಿಂಡ ಕೆಟ್ಟು ಸತ್ತ 25 ಹಕ್ಕಿಗಳನ್ನು ಪರೀಕ್ಷಿಸಿದಾಗ ಇಪ್ಪತ್ತೈದರಲ್ಲಿಯೂ ಈ ಔಷಧಿಯ ಅಂಶ ಸಿಕ್ಕಿತು. ಬೇರೆ ಕಾರಣಗಳಿಂದ ಸತ್ತ 13 ಹಕ್ಕಿಗಳಲ್ಲಿ ಒಂದರಲ್ಲಿಯೂ ಸಿಗಲಿಲ್ಲ. ಈ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಭಾರತ ಮತ್ತು ನೇಪಾಳದಲ್ಲಿ ನಡೆದ ಪರೀಕ್ಷೆಗಳೂ ಇದನ್ನು ದೃಢಪಡಿಸಿದವು.

ಔಷಧಿ ಹಕ್ಕಿಗೆ ಮುಟ್ಟುವುದು ಹೇಗೆ?

ಡೈಕ್ಲೋಫೆನಾಕ್ ಮನುಷ್ಯರಲ್ಲಿ ನೋವು, ಜ್ವರ, ಬಾವು ಇಳಿಸಲು ಬಳಕೆಯಲ್ಲಿರುವ ಔಷಧಿ. 1990ರ ದಶಕದಲ್ಲಿ ದನಗಳಿಗೂ ಇದರ ಬಳಕೆ ವ್ಯಾಪಕವಾಯಿತು. ಕೆಚ್ಚಲು ಬಾವು, ಕಾಲು ಕುಂಟುವುದು, ಕಷ್ಟದ ಹೆರಿಗೆ, ಜ್ವರ, ಎಲ್ಲಕ್ಕೂ ಒಂದೇ ಸೀಸೆ ಸಾಕೆಂಬಂತಾಯಿತು. ಬೆಲೆ ಕಡಿಮೆ, ಗುಣ ಬೇಗ. ದನಕ್ಕೂ ತೊಂದರೆ ಕಾಣಲಿಲ್ಲ. ರೈತನಿಗಾಗಲಿ, ಚುಚ್ಚಿದವರಿಗಾಗಲಿ ಇದರಲ್ಲಿ ತಪ್ಪು ಕಾಣುವ ಕಾರಣವೇ ಇರಲಿಲ್ಲ.

ಚುಚ್ಚುಮದ್ದು ಪಡೆದ ದನ ಬದುಕಿಕೊಂಡರೆ ಔಷಧಿ ಕೆಲವೇ ದಿನಗಳಲ್ಲಿ ದೇಹದಿಂದ ಹೊರಹೋಗುತ್ತದೆ. ಆದರೆ ಚುಚ್ಚಿದ ಎರಡು ಮೂರು ದಿನಗಳೊಳಗೆ ದನ ಸತ್ತರೆ ಅದರ ಯಕೃತ್ತು, ಮೂತ್ರಪಿಂಡ, ಕರುಳು ಮತ್ತು ಮಾಂಸದಲ್ಲಿ ಔಷಧಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ನಿಂತುಹೋಗಿ, ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತದೆ. ಅದೇ ಕಳೇಬರವನ್ನು ತಿಂದ ನಾಯಿಗಳು ಹಾಗೆ ಸಾಯುವುದಿಲ್ಲ. ಒಂದು ಜೀವಿಗೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗಬಹುದೆಂಬುದಕ್ಕೆ ಇದು ತಕ್ಕ ನಿದರ್ಶನ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ನೋವಿನ ಔಷಧಿಯನ್ನು ಗಟ್ಟಿಮುಟ್ಟಾದ ದನಕ್ಕೆ ಯಾರೂ ಕೊಡುವುದಿಲ್ಲ. ಎದ್ದು ನಿಲ್ಲಲಾರದ, ಮೇವು ಬಿಟ್ಟ ದನಕ್ಕೆ ಕೊನೆಯ ಪ್ರಯತ್ನವೆಂದು ಚುಚ್ಚಿಸುವುದುಂಟು. ಅಂದರೆ ಸಾಯುವ ಸಂಭವ ಹೆಚ್ಚಾಗಿರುವ ದನಗಳಿಗೇ ಈ ಔಷಧಿ ಹೆಚ್ಚಾಗಿ ಬೀಳುತ್ತದೆ. ಆದುದರಿಂದಲೇ ಕಳೇಬರಗಳಲ್ಲಿ ಅದು ಇಷ್ಟೊಂದು ಕಂಡುಬಂದದ್ದು. ನಿಷೇಧಕ್ಕೆ ಮುಂಚೆ ಭಾರತದಲ್ಲಿ ಪರೀಕ್ಷಿಸಿದ ಕಳೇಬರಗಳಲ್ಲಿ ನೂರಕ್ಕೆ ಸುಮಾರು 10ರಲ್ಲಿ ಡೈಕ್ಲೋಫೆನಾಕ್ ಇತ್ತು.

ಕೆಲವೇ ಕಳೇಬರ ಸಾಕು

"ಊರಲ್ಲಿ ಎಲ್ಲೋ ಒಂದು ದನಕ್ಕೆ ಚುಚ್ಚಿಸಿದರೆ ಇಷ್ಟು ಹಕ್ಕಿ ಸಾಯುವುದುಂಟೆ?" ಎಂದು ರೈತರು ಕೇಳುವುದು ಸಹಜ. ಇದಕ್ಕೆ ಒಂದು ಸಣ್ಣ ಲೆಕ್ಕ ಉತ್ತರ ಕೊಡುತ್ತದೆ.

ಒಂದು ರಣಹದ್ದು ಮೂರು ದಿನಕ್ಕೊಮ್ಮೆ ಹೊಟ್ಟೆತುಂಬ ತಿನ್ನುತ್ತದೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ ಸುಮಾರು 120 ಊಟ. 200 ಕಳೇಬರಗಳಲ್ಲಿ ಒಂದರಲ್ಲಿ ಮಾತ್ರ ಕೊಲ್ಲುವಷ್ಟು ಔಷಧಿ ಇದೆಯೆಂದು ತಿಳಿಯೋಣ. ಪ್ರತಿ ಊಟದಲ್ಲಿಯೂ ಹಕ್ಕಿ ಬದುಕುವ ಸಂಭವ 200ಕ್ಕೆ 199. ಆದರೆ ಈ ಗಂಡಾಂತರವನ್ನು ಅದು ವರ್ಷದಲ್ಲಿ 120 ಸಲ ದಾಟಬೇಕು. ಲೆಕ್ಕ ಹಾಕಿದರೆ ನೂರು ಹಕ್ಕಿಗಳಲ್ಲಿ ಸುಮಾರು 45 ಹಕ್ಕಿಗಳು ವರ್ಷ ಮುಗಿಯುವುದರೊಳಗೆ ಸಾಯುತ್ತವೆ. ಜೋಡಿಗೆ ವರ್ಷಕ್ಕೆ ಹೆಚ್ಚೆಂದರೆ ಒಂದು ಮರಿ. ಈ ಆದಾಯದಿಂದ ಆ ಖರ್ಚನ್ನು ತುಂಬಿಸುವುದು ಸಾಧ್ಯವಿಲ್ಲ.

ಜೊತೆಗೆ ರಣಹದ್ದುಗಳು ಹಿಂಡಾಗಿ ಬಂದು ಒಂದೇ ಕಳೇಬರವನ್ನು ತಿನ್ನುತ್ತವೆ. ಆಹಾರ ಹುಡುಕುತ್ತ ಬಹಳ ದೂರ ಹಾರುತ್ತವೆ. ಒಂದು ಹಳ್ಳಿಯ ಒಂದು ವಿಷದ ಕಳೇಬರ ಹಲವು ತಾಲ್ಲೂಕುಗಳ ಹಕ್ಕಿಗಳನ್ನು ಕೊಲ್ಲಬಲ್ಲದು. ನೂರು ಕಳೇಬರಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಕಂಡುಬಂದಷ್ಟು ಕುಸಿತ ಆಗಬಹುದೆಂದು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದ್ದಾರೆ. ಆದುದರಿಂದ ಬಳಕೆ ಕಡಿಮೆಯಾದರೆ ಸಾಲದು, ಪೂರ್ತಿ ನಿಲ್ಲಬೇಕು.

ರೈತನಿಗೆ ಆದ ನಷ್ಟ

ರಣಹದ್ದು ಕಾಣೆಯಾದುದರಿಂದ ರೈತನಿಗೇನು ನಷ್ಟ ಎಂಬ ಪ್ರಶ್ನೆಗೂ ಉತ್ತರವಿದೆ. ಹದ್ದುಗಳು ತಿನ್ನದ ಕಳೇಬರ ಹಲವು ದಿನ ಕೊಳೆಯುತ್ತದೆ. ಮಳೆ ಬಂದರೆ ಅದರ ರಸ ಹಳ್ಳಕೊಳ್ಳ, ಕೆರೆಕಟ್ಟೆಗಳಿಗೆ ಸೇರುತ್ತದೆ. ಉಳಿದ ಮಾಂಸ ನಾಯಿಗಳ ಪಾಲಾಗುತ್ತದೆ. ತಿನ್ನಲು ಸಿಕ್ಕಂತೆಲ್ಲ ಬೀದಿನಾಯಿಗಳ ಸಂಖ್ಯೆ ಹೆಚ್ಚುತ್ತದೆ. ಅವು ಹಿಂಡು ಕಟ್ಟಿ ಕುರಿ, ಮೇಕೆ, ಕರುಗಳ ಮೇಲೆ ಬೀಳುತ್ತವೆ. ಹುಚ್ಚುನಾಯಿ ರೋಗದ ಭಯವೂ ಹೆಚ್ಚುತ್ತದೆ. 1992ರ ನಂತರದ ವರ್ಷಗಳಲ್ಲಿ ರಣಹದ್ದುಗಳ ಅಳಿವಿನ ಫಲವಾಗಿ ದೇಶದಲ್ಲಿ ನಾಯಿಗಳು ಸುಮಾರು 55 ಲಕ್ಷ ಹೆಚ್ಚಿದವೆಂದೂ, ಹುಚ್ಚುನಾಯಿ ರೋಗದಿಂದ ಸುಮಾರು 48,000 ಮಂದಿ ಹೆಚ್ಚಾಗಿ ಸತ್ತರೆಂದೂ 2008ರ ಒಂದು ಅಧ್ಯಯನ ಅಂದಾಜು ಮಾಡಿತು.

2024ರಲ್ಲಿ ಪ್ರಕಟವಾದ ಅರ್ಥಶಾಸ್ತ್ರದ ಮತ್ತೊಂದು ಅಧ್ಯಯನವು ಹಿಂದೆ ರಣಹದ್ದುಗಳು ಹೆಚ್ಚಾಗಿದ್ದ ಜಿಲ್ಲೆಗಳನ್ನೂ, ಅವು ಇಲ್ಲದಿದ್ದ ಜಿಲ್ಲೆಗಳನ್ನೂ ಹೋಲಿಸಿತು. ಹಕ್ಕಿಗಳು ಅಳಿದ ಜಿಲ್ಲೆಗಳಲ್ಲಿ ಜನರ ಸಾವಿನ ಪ್ರಮಾಣ ಶೇಕಡ 4ಕ್ಕಿಂತ ಹೆಚ್ಚು ಏರಿತ್ತು. 2000ದಿಂದ 2005ರವರೆಗೆ ಹೀಗೆ ಹೆಚ್ಚಾಗಿ ಸತ್ತವರ ಸಂಖ್ಯೆ ಸುಮಾರು 5 ಲಕ್ಷವೆಂದು ಅದರ ಅಂದಾಜು. ಕಲುಷಿತ ನೀರು ಮತ್ತು ನಾಯಿಗಳ ಹೆಚ್ಚಳ ಇದಕ್ಕೆ ಮುಖ್ಯ ಕಾರಣಗಳೆಂದು ಎಣಿಸಲಾಗಿದೆ.

ಮೂಳೆ ಆಯುವವರಿಗೂ ಹೊಡೆತ ಬಿದ್ದಿದೆ. ಹದ್ದು ತಿಂದು ಬಿಟ್ಟ ಮೂಳೆ ಶುಚಿಯಾಗಿ ಗೊಬ್ಬರದ ಕಾರ್ಖಾನೆಗೆ ನೇರವಾಗಿ ಹೋಗುತ್ತಿತ್ತು. ಈಗ ಕೊಳೆತ ಮಾಂಸ ಅಂಟಿದ ಮೂಳೆಯೇ ಸಿಗುತ್ತದೆ. ಯಾವ ಕೂಲಿಯನ್ನೂ ಕೇಳದೆ ಊರನ್ನು ಗುಡಿಸುತ್ತಿದ್ದ ಹಕ್ಕಿಯ ಕೆಲಸಕ್ಕೆ ಬೆಲೆ ಕಟ್ಟಲು ತಿಳಿದದ್ದು ಅದು ಹೋದ ಮೇಲೆ.

ಕಾನೂನಿನ ಕ್ರಮಗಳು

ದನಗಳಿಗಾಗಿ ಡೈಕ್ಲೋಫೆನಾಕ್ ತಯಾರಿಸುವುದನ್ನು ನಿಲ್ಲಿಸಲು ಭಾರತ ಸರ್ಕಾರ 2006ರಲ್ಲಿ ಆದೇಶ ನೀಡಿತು. 2008ರಲ್ಲಿ ರಾಜ್ಯಪತ್ರದ ಅಧಿಸೂಚನೆಯಿಂದ ಈ ನಿಷೇಧ ಬಿಗಿಯಾಯಿತು. ಆದರೂ ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಗಳನ್ನು ತಂದು ದನಗಳಿಗೆ ಚುಚ್ಚುವುದು ನಡೆದೇ ಇತ್ತು. ಇದನ್ನು ತಡೆಯಲು 2015ರಲ್ಲಿ ಮನುಷ್ಯರ ಚುಚ್ಚುಮದ್ದನ್ನೂ 3 ಮಿಲಿಲೀಟರಿನ ಒಂದು ಸಲದ ಸೀಸೆಯಲ್ಲಿ ಮಾತ್ರ ಮಾರಬೇಕೆಂದು ವಿಧಿಸಲಾಯಿತು.

ಡೈಕ್ಲೋಫೆನಾಕ್ ಒಂದೇ ಶತ್ರುವಲ್ಲ. ಅಸೆಕ್ಲೋಫೆನಾಕ್ ಎಂಬ ಔಷಧಿ ದನದ ದೇಹದೊಳಗೆ ಹೋದ ಮೇಲೆ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆ. ಕೀಟೋಪ್ರೊಫೆನ್ ಕೂಡ ರಣಹದ್ದುಗಳನ್ನು ಕೊಲ್ಲುತ್ತದೆಂದು ತಿಳಿದುಬಂದಿದೆ. ಇವೆರಡನ್ನೂ ಪ್ರಾಣಿಗಳಿಗೆ ಬಳಸದಂತೆ 2023ರ ಜುಲೈನಲ್ಲಿ ನಿಷೇಧಿಸಲಾಯಿತು. ನಿಮೆಸುಲೈಡ್ ಔಷಧಿಗೂ 2024ರ ಕೊನೆಯಲ್ಲಿ ಇದೇ ನಿಷೇಧ ಬಂದಿತು. ಫ್ಲುನಿಕ್ಸಿನ್ ಕೂಡ ರಣಹದ್ದುಗಳಿಗೆ ಹಾನಿಕರವಾದುದರಿಂದ ಅದನ್ನೂ ದೂರವಿಡುವುದು ಒಳ್ಳೆಯದು.

ಸುರಕ್ಷಿತ ಬದಲಿ ಔಷಧಿ

ಹಕ್ಕಿ ಉಳಿಯಬೇಕೆಂದು ದನವನ್ನು ನರಳಲು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ನೋವು ಮತ್ತು ಬಾವಿಗೆ ಸುರಕ್ಷಿತವಾದ ಔಷಧಿಗಳಿವೆ. ಮೆಲಾಕ್ಸಿಕಾಮ್ ರಣಹದ್ದುಗಳಿಗೆ ಅಪಾಯಕಾರಿಯಲ್ಲವೆಂದು 2006ರಲ್ಲಿಯೇ ಪರೀಕ್ಷೆಗಳಿಂದ ಸಿದ್ಧವಾಯಿತು. ದನಗಳ ಜ್ವರ, ಕೆಚ್ಚಲು ಬಾವು, ಕುಂಟುವಿಕೆಗಳಲ್ಲಿ ಇದು ಒಳ್ಳೆಯ ಗುಣ ಕೊಡುತ್ತದೆ. ಮೊದಲು ಇದರ ಬೆಲೆ ತುಸು ಹೆಚ್ಚಾಗಿತ್ತು. ತಯಾರಿಕೆ ಹೆಚ್ಚಿದಂತೆ ಇಳಿದಿದೆ. ಟಾಲ್ಫೆನಾಮಿಕ್ ಆಮ್ಲ ಎಂಬ ಇನ್ನೊಂದು ಔಷಧಿಯೂ ಸುರಕ್ಷಿತವೆಂದು ಈಚಿನ ಪರೀಕ್ಷೆಗಳು ತೋರಿಸಿವೆ.

ಔಷಧಿಯ ಆಯ್ಕೆ ಮತ್ತು ಪ್ರಮಾಣವನ್ನು ಪಶುವೈದ್ಯರೇ ನಿರ್ಧರಿಸಬೇಕು. ಹಾಲು ಕೊಡುವ ದನವಾದರೆ ಎಷ್ಟು ದಿನ ಹಾಲನ್ನು ಬಳಸಬಾರದೆಂಬುದನ್ನೂ ಅವರಿಂದಲೇ ಕೇಳಿ ತಿಳಿಯಬೇಕು. ಕೆಚ್ಚಲು ಬಾವಿನಲ್ಲಿ ನೋವಿನ ಔಷಧಿ ನೋವನ್ನಷ್ಟೇ ಇಳಿಸುತ್ತದೆ. ರೋಗಾಣುವಿಗೆ ಬೇರೆ ಚಿಕಿತ್ಸೆ ಬೇಕು ಎಂಬುದನ್ನೂ ಮರೆಯಬಾರದು.

ಇತರ ಅಪಾಯಗಳು

ಕಾಡಂಚಿನ ಹಳ್ಳಿಗಳಲ್ಲಿ ಹುಲಿ, ಚಿರತೆಗಳು ದನ ಹಿಡಿದಾಗ ಕೋಪಗೊಂಡವರು ಉಳಿದ ಕಳೇಬರಕ್ಕೆ ಕೀಟನಾಶಕ ಬೆರೆಸುವುದುಂಟು. ನಾಯಿಗಳನ್ನು ಕೊಲ್ಲಲು ಮಾಂಸಕ್ಕೆ ವಿಷ ಹಾಕುವುದೂ ಉಂಟು. ಈ ವಿಷಕ್ಕೆ ಹುಲಿ ಸಿಕ್ಕೀತೋ ಇಲ್ಲವೋ, ಮೊದಲು ಇಳಿಯುವ ರಣಹದ್ದುಗಳ ಹಿಂಡು ಮಾತ್ರ ಒಂದೇ ದಿನದಲ್ಲಿ ನಾಶವಾಗಬಹುದು. ಇದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ವನ್ಯಮೃಗ ದನವನ್ನು ಕೊಂದರೆ ಅರಣ್ಯ ಇಲಾಖೆಯಿಂದ ಪರಿಹಾರ ಪಡೆಯುವ ಅವಕಾಶವಿದೆ. ಕಳೇಬರವನ್ನು ಅಲುಗಿಸದೆ ಕೂಡಲೇ ಇಲಾಖೆಗೆ ತಿಳಿಸಿ ಮಹಜರು ಮಾಡಿಸಿದರೆ ಪರಿಹಾರ ಪಡೆಯಲು ಸುಲಭ.

ಬಂಡೆಬೆಟ್ಟಗಳಲ್ಲಿ ಕಲ್ಲುಗಣಿ, ಸಿಡಿಮದ್ದಿನ ಸದ್ದು, ಗೂಡಿನ ಹತ್ತಿರ ಜನರ ಓಡಾಟ, ನದಿದಡದ ಹೊಳೆಮತ್ತಿಯಂಥ ಎತ್ತರದ ಮರಗಳನ್ನು ಕಡಿಯುವುದು, ವಿದ್ಯುತ್ ತಂತಿಗಳು, ಇವೂ ಉಳಿದ ಹಕ್ಕಿಗಳಿಗೆ ಕಂಟಕವಾಗಿವೆ. ಬಯಲಿನಲ್ಲಿ ಕಳೇಬರ ಹಾಕುವ ರೂಢಿ ಕಡಿಮೆಯಾದಂತೆ ಕೆಲವು ಕಡೆ ಆಹಾರದ ಕೊರತೆಯೂ ಕಾಣಿಸಿಕೊಂಡಿದೆ.

ಕರ್ನಾಟಕದಲ್ಲಿ ಉಳಿದಿರುವ ನೆಲೆಗಳು

ರಾಮನಗರದ ರಾಮದೇವರ ಬೆಟ್ಟದ ಕಡಿದಾದ ಬಂಡೆಗಳು ಉದ್ದ ಕೊಕ್ಕಿನ ರಣಹದ್ದುಗಳ ಹಳೆಯ ನೆಲೆ. 2012ರಲ್ಲಿ ಇಲ್ಲಿನ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದುಗಳ ಅಭಯಾರಣ್ಯವೆಂದು ಸರ್ಕಾರ ಘೋಷಿಸಿತು. ಆದರೂ ಇಲ್ಲಿ ಉಳಿದಿರುವ ಉದ್ದ ಕೊಕ್ಕಿನ ಹಕ್ಕಿಗಳು ಬೆರಳೆಣಿಕೆಯಷ್ಟು ಮಾತ್ರ. ಬಂಡೆಗೆ ಕಾವಲು ಹಾಕಬಹುದು. ಹಕ್ಕಿ ಊಟಕ್ಕೆ ಹೋಗುವ ನೂರಾರು ಹಳ್ಳಿಗಳಿಗೆ ಕಾವಲು ಹಾಕಲಾಗುವುದಿಲ್ಲ. ಆ ಹಳ್ಳಿಗಳ ರೈತರೇ ಅಲ್ಲಿನ ಕಾವಲುಗಾರರಾಗಬೇಕು.

ಬಂಡೀಪುರ ಮತ್ತು ನಾಗರಹೊಳೆ, ಅವುಗಳಿಗೆ ಹೊಂದಿದ ತಮಿಳುನಾಡಿನ ಮುದುಮಲೆ ಹಾಗೂ ಮೋಯಾರ್ ಕಣಿವೆ, ಕೇರಳದ ವಯನಾಡು ಸೇರಿದ ಕಾಡುಗಳಲ್ಲಿ ಬಿಳಿ ಬೆನ್ನಿನ, ಉದ್ದ ಕೊಕ್ಕಿನ ಮತ್ತು ಕೆಂಪು ತಲೆಯ ರಣಹದ್ದುಗಳು ಉಳಿದಿವೆ. ಇಲ್ಲಿ ಕಾಡುಪ್ರಾಣಿಗಳ ಕಳೇಬರವೂ ಸಿಗುವುದರಿಂದ ಔಷಧಿಯ ಅಪಾಯ ತುಸು ಕಡಿಮೆ. ಆದರೆ ಕಾಡಿನ ಎಲ್ಲೆ ಹಕ್ಕಿಗೆ ತಿಳಿಯದು. ಅದು ಚಾಮರಾಜನಗರ, ಮೈಸೂರು ಜಿಲ್ಲೆಗಳ ಹೊಲಗಳ ಮೇಲೂ ಹಾರುತ್ತದೆ.

2015ರ ವೇಳೆಗೆ ಇಡೀ ದೇಶದಲ್ಲಿ ಬಿಳಿ ಬೆನ್ನಿನ ರಣಹದ್ದುಗಳು ಸುಮಾರು 6,000, ಉದ್ದ ಕೊಕ್ಕಿನವು ಸುಮಾರು 12,000, ತೆಳು ಕೊಕ್ಕಿನವು ಸುಮಾರು 1,000 ಉಳಿದಿದ್ದವೆಂದು ಅಂದಾಜು ಮಾಡಲಾಗಿತ್ತು. ನಿಷೇಧದ ಬಳಿಕ ಕುಸಿತದ ವೇಗ ತಗ್ಗಿತು. ಹರಿಯಾಣದ ಪಿಂಜೋರ್ ಮುಂತಾದ ಕಡೆಗಳ ಕೇಂದ್ರಗಳಲ್ಲಿ ರಣಹದ್ದುಗಳನ್ನು ಸಾಕಿ ಮರಿ ಮಾಡಿಸಲಾಗುತ್ತಿದೆ. ಆದರೆ ಸಾಕಿದ ಹಕ್ಕಿಯನ್ನು ಹೊರಗೆ ಬಿಟ್ಟಾಗ ಮೊದಲ ಊಟವೇ ವಿಷವಾದರೆ ಅಷ್ಟೂ ವರ್ಷಗಳ ಶ್ರಮ ವ್ಯರ್ಥ.

ನೇಪಾಳದ ರೈತರ ಉದಾಹರಣೆ

ಹಳ್ಳಿಯ ಜನ ಮನಸ್ಸು ಮಾಡಿದರೆ ಏನು ಸಾಧ್ಯವೆಂಬುದಕ್ಕೆ ನೇಪಾಳದ ಪಿಠೌಲಿ ಎಂಬ ಹಳ್ಳಿ ಉದಾಹರಣೆ. 2006ರಿಂದ ಅಲ್ಲಿನ ಜನ ದುಡಿಯಲಾರದ ಮುದಿ ದನಗಳನ್ನು ಕೊಂಡು, ಅವು ತಾವಾಗಿ ಸಾಯುವವರೆಗೆ ಮೇವು ನೀರು ಕೊಟ್ಟು ಸಾಕುತ್ತಾರೆ. ಅಪಾಯಕಾರಿ ಔಷಧಿಯನ್ನು ಅವುಗಳಿಗೆ ಕೊಡುವುದಿಲ್ಲ. ಸತ್ತ ಮೇಲೆ ಕಳೇಬರವನ್ನು ನಿಗದಿಯಾದ ಬಯಲಿನಲ್ಲಿ ಹದ್ದುಗಳಿಗೆ ಇಡುತ್ತಾರೆ. ಸುತ್ತಲಿನ ಅಂಗಡಿಗಳಿಂದ ಡೈಕ್ಲೋಫೆನಾಕ್ ಸಂಗ್ರಹವನ್ನು ತೆಗೆದು ಮೆಲಾಕ್ಸಿಕಾಮ್ ಒದಗಿಸಲಾಯಿತು. ಈ ಕ್ರಮ ಬೇರೆ ಜಿಲ್ಲೆಗಳಿಗೂ ಹಬ್ಬಿತು. ಕ್ರಮೇಣ ನೇಪಾಳದಲ್ಲಿ ಬಿಳಿ ಬೆನ್ನಿನ ರಣಹದ್ದುಗಳ ಸಂಖ್ಯೆ ಮತ್ತೆ ಏರತೊಡಗಿತು. ಔಷಧಿ ನಿಂತರೆ ಹಕ್ಕಿ ಮರಳುತ್ತದೆ ಎಂಬುದು ಇದರಿಂದ ಸ್ಪಷ್ಟ.

ರೈತರು ಅನುಸರಿಸಬೇಕಾದ ಕ್ರಮಗಳು

1. ದನಗಳಿಗೆ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಕೀಟೋಪ್ರೊಫೆನ್, ನಿಮೆಸುಲೈಡ್ ಕೊಡಿಸಬಾರದು. ಚುಚ್ಚುವ ಮೊದಲು ಔಷಧಿಯ ಹೆಸರನ್ನು ಕೇಳಿ ತಿಳಿಯಬೇಕು. ಕೇಳುವುದು ರೈತನ ಹಕ್ಕು.

2. ನೋವಿನ ಔಷಧಿ ಅಗತ್ಯವಾದರೆ ಮೆಲಾಕ್ಸಿಕಾಮ್ ಕೊಡುವಂತೆ ಪಶುವೈದ್ಯರಲ್ಲಿ ಕೇಳಬೇಕು.

3. ಮನುಷ್ಯರಿಗೆಂದು ಮಾರುವ ಚುಚ್ಚುಮದ್ದನ್ನು ತಂದು ದನಕ್ಕೆ ಬಳಸಬಾರದು. ಮನೆಯಲ್ಲಿ ಹಳೆಯ ಸೀಸೆ ಉಳಿದಿದ್ದರೆ ಪಶುಆಸ್ಪತ್ರೆಗೆ ಒಪ್ಪಿಸಬೇಕು.

4. ಯಾವ ದಿನ, ಯಾವ ದನಕ್ಕೆ, ಯಾವ ಔಷಧಿ ಕೊಡಲಾಯಿತೆಂದು ಒಂದು ಪುಸ್ತಕದಲ್ಲಿ ಬರೆದಿಡಬೇಕು.

5. ಮೇಲ್ಕಂಡ ಅಪಾಯಕಾರಿ ಔಷಧಿ ಪಡೆದ ದನ ವಾರದೊಳಗೆ ಸತ್ತರೆ ಅದನ್ನು ಬಯಲಿಗೆ ಹಾಕಬಾರದು. ಬಾವಿ ಮತ್ತು ಕೆರೆಗಳಿಂದ ದೂರದಲ್ಲಿ ಆರು ಅಡಿ ಆಳದ ಗುಂಡಿ ತೋಡಿ ಹೂಳಬೇಕು. ಯಾವ ಔಷಧಿ ಕೊಟ್ಟರೆಂಬುದು ತಿಳಿಯದಿದ್ದರೂ ಹೀಗೆಯೇ ಮಾಡಬೇಕು.

6. ದನ ದಿಢೀರನೆ ಸತ್ತು, ಮೂಗು, ಬಾಯಿ, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದರೆ ಅದು ನೆರಡಿ ರೋಗವಿರಬಹುದು. ಅಂಥ ಕಳೇಬರವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಬಯಲಿಗೆ ಹಾಕಲೂ ಬಾರದು. ಗಾಳಿ ತಾಗಿದರೆ ರೋಗಾಣು ಬೀಜಾಣುವಾಗಿ ಮಣ್ಣಿನಲ್ಲಿ ಹಲವು ವರ್ಷ ಉಳಿಯುತ್ತದೆ. ಕೂಡಲೇ ಪಶುವೈದ್ಯರಿಗೆ ತಿಳಿಸಿ, ಅವರ ಸಲಹೆಯಂತೆ ಸುಣ್ಣ ಹಾಕಿ ಆಳವಾಗಿ ಹೂಳಬೇಕು.

7. ಕಳೇಬರಕ್ಕೆ ಯಾವ ಕಾರಣಕ್ಕೂ ವಿಷ ಬೆರೆಸಬಾರದು.

8. ರಣಹದ್ದುಗಳ ಗೂಡಿರುವ ಬಂಡೆ ಮತ್ತು ಮರಗಳ ಹತ್ತಿರ ಚಳಿಗಾಲದಿಂದ ಬೇಸಗೆಯವರೆಗೆ, ಅಂದರೆ ಮರಿ ಮಾಡುವ ಕಾಲದಲ್ಲಿ, ಸದ್ದುಗದ್ದಲ ಮಾಡಬಾರದು, ಬೆಂಕಿ ಹಾಕಬಾರದು.

9. ಹಾರಲಾರದೆ ಕುಳಿತ ಇಲ್ಲವೆ ಸತ್ತುಬಿದ್ದ ರಣಹದ್ದು ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಬೇಕು.

ವಿಸ್ತರಣಾ ಕಾರ್ಯಕರ್ತರ ಪಾತ್ರ

ರೈತ ಸಭೆಗಳಲ್ಲಿ ಹಕ್ಕಿಯ ವಿಷಯವನ್ನು ಬೇರೆಯಾಗಿ ಹೇಳುವುದಕ್ಕಿಂತ ಕೆಚ್ಚಲು ಬಾವಿನ ಚಿಕಿತ್ಸೆ, ಹುಚ್ಚುನಾಯಿ ರೋಗದ ತಡೆ, ಕಳೇಬರ ವಿಲೇವಾರಿ ಇವುಗಳ ಜೊತೆ ಸೇರಿಸಿ ಹೇಳಿದರೆ ಹೆಚ್ಚು ಮನಸ್ಸಿಗೆ ಹಿಡಿಯುತ್ತದೆ. ಊರೂರು ತಿರುಗಿ ಚುಚ್ಚುಮದ್ದು ಕೊಡುವವರನ್ನೂ, ಔಷಧಿ ಅಂಗಡಿಯವರನ್ನೂ ಈ ಸಭೆಗಳಿಗೆ ಕರೆಯಬೇಕು. ನಿಷೇಧವಾದ ಔಷಧಿಗಳ ಹೆಸರನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಹಾಲು ಸಂಘದ ಗೋಡೆಯ ಮೇಲೆ ಹಾಕಿದರೆ ಬೆಳಿಗ್ಗೆ ಸಂಜೆ ಹಾಲು ಹಾಕಲು ಬರುವವರ ಕಣ್ಣಿಗೆ ಬೀಳುತ್ತದೆ. ಹಿರಿಯ ರೈತರಿಂದ ಹಿಂದೆ ಹದ್ದುಗಳು ಎಲ್ಲಿ ಇಳಿಯುತ್ತಿದ್ದವು, ಯಾವಾಗ ನಿಂತುಹೋದವು ಎಂಬ ಮಾಹಿತಿಯನ್ನು ಸಂಗ್ರಹಿಸಬೇಕು. ಹಳೆಯ ನೆಲೆಗಳ ಗುರುತು ಅದರಿಂದ ಸಿಗುತ್ತದೆ.

ರಾಮಾಯಣದ ಜಟಾಯು ಸೀತೆಯನ್ನು ಕಾಪಾಡಲು ಹೋಗಿ ರೆಕ್ಕೆ ಕಳೆದುಕೊಂಡ ಕಥೆಯನ್ನು ಕೇಳದ ಹಳ್ಳಿಯಿಲ್ಲ. ಅದೇ ಕುಲದ ಹಕ್ಕಿ ಇಂದು ಯಾರ ಕತ್ತಿಯಿಂದಲೂ ಅಲ್ಲ, ತಿಳಿಯದೆ ಚುಚ್ಚಿಸಿದ ಒಂದು ಸೂಜಿಯಿಂದ ಅಳಿಯುತ್ತಿದೆ. ಒಂದು ಸೀಸೆಯ ಬದಲು ಇನ್ನೊಂದು ಸೀಸೆಯನ್ನು ಆರಿಸಿಕೊಂಡರೆ ದನವೂ ಗುಣವಾಗುತ್ತದೆ, ಹಕ್ಕಿಯೂ ಉಳಿಯುತ್ತದೆ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೊಡ್ಡ ಜೀವಿಯನ್ನು ಉಳಿಸುವ ಅವಕಾಶ ಪದೇ ಪದೇ ದೊರೆಯುವುದಿಲ್ಲ. ರೈತರು ಇದನ್ನು ಕೈಬಿಡಬಾರದು.